ಪಹಣಿ ಇಲ್ಲದ ಕಡಲಿನಲ್ಲಿ ಗಾಳಿಯಂತ್ರಕ್ಕೆ ಜಾಗ ಎಲ್ಲಿ?

ಚಿತ್ರದುರ್ಗ, ಗದಗ ಜಿಲ್ಲೆಗಳ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವ ದೃಶ್ಯ ರಾಜ್ಯದ ಜನತೆಗೆ ಹೊಸದಲ್ಲ. ಅಲ್ಲಿ ಒಂದು ಯಂತ್ರವನ್ನು ನಿಲ್ಲಿಸಬೇಕಾದರೆ ಜಮೀನು ಯಾರದು ಎಂಬ ಪ್ರಶ್ನೆಗೆ ಪಹಣಿಯಲ್ಲಿ ಉತ್ತರ ಸಿಗುತ್ತದೆ. ಅರಣ್ಯವಾದರೆ ಇಲಾಖೆಯ ದಾಖಲೆಗಳಲ್ಲಿ ಸಿಗುತ್ತದೆ. ಅದೇ ಯಂತ್ರವನ್ನು ಸಮುದ್ರದ ನಡುವೆ ನಿಲ್ಲಿಸುವುದಾದರೆ ಯಾರನ್ನು ಕೇಳಬೇಕು? ಕಡಲಿಗೆ ಪಹಣಿ ಇಲ್ಲ. ಹಾಗೆಂದು ಅದು ಯಾರಿಗೂ ಬೇಡವಾದ ಖಾಲಿ ಬಯಲೂ ಅಲ್ಲ. ದಡದಲ್ಲಿ ನಿಂತವರ ಕಣ್ಣಿಗೆ ಬರಿಯ ನೀರಾಗಿ ಕಾಣುವ ಜಾಗ ಒಬ್ಬ ಮೀನುಗಾರನಿಗೆ ಬಲೆ ಬೀಸುವ ನೆಲೆ, ಹಡಗಿನ ಕಪ್ತಾನನಿಗೆ ಹೆದ್ದಾರಿ, ನೌಕಾಪಡೆಗೆ ತಾಲೀಮಿನ ಅಂಗಳ, ತಿಮಿಂಗಿಲಕ್ಕೆ ವಲಸೆಯ ದಾರಿ.

ಇದು ದೂರದ ಚರ್ಚೆಯಲ್ಲ. ಸಮುದ್ರದಲ್ಲಿ ಪವನ ವಿದ್ಯುತ್ ಉತ್ಪಾದಿಸಲು ಭಾರತ ಸರ್ಕಾರ 2015ರಲ್ಲಿಯೇ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿದೆ. 2024ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಈ ಉದ್ದೇಶಕ್ಕೆ 7,453 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿದೆ. ಗುಜರಾತ್ ಮತ್ತು ತಮಿಳುನಾಡಿನ ಕಡಲಿನಲ್ಲಿ ತಲಾ 500 ಮೆಗಾವಾಟ್ ಸಾಮರ್ಥ್ಯದ ಸ್ಥಾವರಗಳಿಗೆ ನೆರವು ನೀಡುವುದು ಇದರ ಗುರಿ. ಯಂತ್ರಗಳು ಬರುವ ಮೊದಲೇ ಕಡಲನ್ನು ಯಾರು ಯಾರು, ಎಲ್ಲೆಲ್ಲಿ, ಯಾವ ಯಾವ ಕಾಲದಲ್ಲಿ ಬಳಸುತ್ತಿದ್ದಾರೆ ಎಂಬ ನಕ್ಷೆ ಸಿದ್ಧವಾಗಬೇಕೇ, ಅಥವಾ ಯಂತ್ರಗಳು ನಿಂತ ಮೇಲೆ ಜಗಳ ಬಿಡಿಸಿದರೆ ಸಾಕೇ ಎಂಬುದು ಈಗ ಕೇಳಬೇಕಾದ ಪ್ರಶ್ನೆ. ಅಮೆರಿಕದ ಈಶಾನ್ಯ ಕರಾವಳಿಯ ನೆರೆಹೊರೆಯ ಎರಡು ರಾಜ್ಯಗಳ ಕಡಲಿನಲ್ಲಿ ಈ ಎರಡೂ ಬಗೆಯ ಪ್ರಯೋಗಗಳು ನಡೆದಿವೆ. ಅವುಗಳ ಫಲಿತಾಂಶ ನಮ್ಮ ಕರಾವಳಿಗೂ ಪಾಠವಾಗಬಲ್ಲದು.

ಸಮುದ್ರವೇ ಏಕೆ?

ನೆಲದ ಮೇಲೆ ಬೆಟ್ಟ, ಮರ, ಕಟ್ಟಡಗಳು ಗಾಳಿಯ ವೇಗವನ್ನು ತಗ್ಗಿಸುತ್ತವೆ. ಕಡಲಿನ ಮೇಲೆ ಅಂತಹ ಅಡೆತಡೆಗಳಿಲ್ಲದ ಕಾರಣ ಗಾಳಿ ಹೆಚ್ಚು ಬಲವಾಗಿಯೂ ಹೆಚ್ಚು ಸಮನಾಗಿಯೂ ಬೀಸುತ್ತದೆ. ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ಅಂದರೆ ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟಾಗುತ್ತದೆ. ಆದ್ದರಿಂದ ವೇಗದಲ್ಲಿನ ಸಣ್ಣ ಹೆಚ್ಚಳವೂ ವಿದ್ಯುತ್ ಉತ್ಪಾದನೆಯಲ್ಲಿ ದೊಡ್ಡ ವ್ಯತ್ಯಾಸವನ್ನು ತರುತ್ತದೆ. ಇನ್ನೊಂದು ಅನುಕೂಲವೂ ಇದೆ. ಬೃಹತ್ ರೆಕ್ಕೆಗಳನ್ನು ಲಾರಿಯಲ್ಲಿ ಹೇರಿಕೊಂಡು ಘಾಟಿ ರಸ್ತೆಗಳ ತಿರುವುಗಳಲ್ಲಿ ಸಾಗಿಸುವ ಕಷ್ಟ ಇಲ್ಲಿಲ್ಲ. ಬಂದರಿನಿಂದ ಹಡಗಿನಲ್ಲಿಯೇ ಒಯ್ಯಬಹುದು.

ಜಗತ್ತಿನ ಮೊದಲ ಸಮುದ್ರ ಪವನ ಸ್ಥಾವರ ಡೆನ್ಮಾರ್ಕಿನ ವಿಂಡೆಬಿಯಲ್ಲಿ 1991ರಲ್ಲಿ ಆರಂಭವಾಯಿತು. ಅಲ್ಲಿದ್ದುದು ತಲಾ 450 ಕಿಲೋವಾಟ್ ಸಾಮರ್ಥ್ಯದ 11 ಯಂತ್ರಗಳು. ಸುಮಾರು ಕಾಲು ಶತಮಾನ ದುಡಿದ ಬಳಿಕ 2017ರಲ್ಲಿ ಅವುಗಳನ್ನು ಕಳಚಲಾಯಿತು. ಅಷ್ಟರಲ್ಲಿ ಒಂದೊಂದು ಯಂತ್ರದ ಸಾಮರ್ಥ್ಯವೂ ಹತ್ತಾರು ಪಟ್ಟು ಬೆಳೆದಿತ್ತು.

ಅನುಕೂಲದ ಜೊತೆಗೆ ತೊಡಕೂ ಇದೆ. ಸಮುದ್ರದ ತಳಕ್ಕೆ ಕಂಬ ಊರುವ ಬಗೆಯ ಯಂತ್ರಗಳಿಗೆ ಸಾಮಾನ್ಯವಾಗಿ 50-60 ಮೀಟರ್‌ಗಿಂತ ಕಡಿಮೆ ಆಳದ ನೀರು ಬೇಕು. ಗಾಳಿ ಬಲವಾಗಿರಬೇಕು, ತಳ ಗಟ್ಟಿಯಾಗಿರಬೇಕು, ದಡದ ವಿದ್ಯುತ್ ಜಾಲ ಹತ್ತಿರವಿರಬೇಕು. ಹಡಗುಗಳು, ಮೀನುಗಾರಿಕಾ ದೋಣಿಗಳು, ಕಡಲ ಜೀವಿಗಳು ಹೆಚ್ಚಾಗಿ ಸೇರುವುದೂ ತೀರಕ್ಕೆ ಹತ್ತಿರದ ಇಂತಹ ನೀರಿನಲ್ಲಿಯೇ. ಹೀಗಾಗಿ ಪೈಪೋಟಿ ಅನಿವಾರ್ಯ.

ಕೇಪ್ ವಿಂಡ್: 16 ವರ್ಷಗಳ ಪಾಠ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಪ್ ಕಾಡ್ ಬಳಿ ನ್ಯಾಂಟಕೆಟ್ ಸೌಂಡ್ ಎಂಬ ಕಡಲ ಭಾಗವಿದೆ. ಅಲ್ಲಿ 130 ಯಂತ್ರಗಳ, 468 ಮೆಗಾವಾಟ್ ಸಾಮರ್ಥ್ಯದ ಸ್ಥಾವರವನ್ನು ಸ್ಥಾಪಿಸುವ ಪ್ರಸ್ತಾವವನ್ನು ಕೇಪ್ ವಿಂಡ್ ಹೆಸರಿನ ಖಾಸಗಿ ಸಂಸ್ಥೆ 2001ರಲ್ಲಿ ಮುಂದಿಟ್ಟಿತು. ನೀರು ಆಳವಿಲ್ಲದ, ಗಾಳಿ ಚೆನ್ನಾಗಿರುವ ಜಾಗವನ್ನು ಸಂಸ್ಥೆಯೇ ಆಯ್ಕೆ ಮಾಡಿತ್ತು. ಆ ಹೊತ್ತಿಗೆ ಸಮುದ್ರದ ಗಾಳಿಯಂತ್ರಗಳಿಗೆಂದೇ ರೂಪಿಸಿದ ಕಾನೂನು ಅಮೆರಿಕದಲ್ಲಿ ಇರಲಿಲ್ಲ. ಅರ್ಜಿಯ ಪರಿಶೀಲನೆ ಆರಂಭವಾದದ್ದು ನದಿ ಮತ್ತು ಬಂದರುಗಳಿಗೆ ಸಂಬಂಧಿಸಿದ 1899ರ ಕಾಯ್ದೆಯ ಅಡಿಯಲ್ಲಿ ಎಂಬುದು ಗಮನಾರ್ಹ. 2005ರಲ್ಲಿ ಅಲ್ಲಿನ ಸಂಸತ್ತು ಹೊಸ ಕಾಯ್ದೆ ಮಾಡಿ ಈ ಅಧಿಕಾರವನ್ನು ಒಳಾಡಳಿತ ಖಾತೆಗೆ ವಹಿಸಿತು.

ವಿರೋಧ ಹಲವು ದಿಕ್ಕುಗಳಿಂದ ಬಂತು. ತೀರದ ಶ್ರೀಮಂತ ಮನೆಗಳ ಒಡೆಯರು ಸಮುದ್ರದ ನೋಟ ಕೆಡುತ್ತದೆ ಎಂದರು. ಸೆನೆಟರ್ ಎಡ್ವರ್ಡ್ ಕೆನಡಿಯವರೂ ವಿರೋಧಿಗಳ ಸಾಲಿನಲ್ಲಿದ್ದರು. ಮೀನುಗಾರರು ತಮ್ಮ ನೆಲೆ ಹೋಗುತ್ತದೆ ಎಂದರು. ವಾಂಪನೋಗ್ ಮೂಲನಿವಾಸಿಗಳಿಗೆ ಸೂರ್ಯೋದಯದ ಅಡೆತಡೆಯಿಲ್ಲದ ದರ್ಶನ ಧಾರ್ಮಿಕ ಆಚರಣೆಯ ಭಾಗ. ಹಿಂದೊಮ್ಮೆ ಒಣ ನೆಲವಾಗಿದ್ದ ಆ ಸಮುದ್ರತಳ ಪೂರ್ವಿಕರ ತಾಣ ಎಂಬುದು ಅವರ ನಂಬಿಕೆ. ಇವುಗಳಲ್ಲಿ ಯಾವುದು ನ್ಯಾಯ, ಯಾವುದು ಸ್ವಾರ್ಥ ಎಂದು ಮೊದಲೇ ಕುಳಿತು ತೂಗಿ ನೋಡುವ ವೇದಿಕೆ ಇರಲಿಲ್ಲ. ಆದ್ದರಿಂದ ಎಲ್ಲವೂ ನ್ಯಾಯಾಲಯದ ಮೆಟ್ಟಿಲೇರಿದವು.

2010ರ ಏಪ್ರಿಲ್‌ನಲ್ಲಿ ಒಕ್ಕೂಟ ಸರ್ಕಾರ ಯೋಜನೆಗೆ ಅನುಮತಿ ನೀಡಿತಾದರೂ ವ್ಯಾಜ್ಯಗಳು ಮುಗಿಯಲಿಲ್ಲ. ವಿಳಂಬದಿಂದಾಗಿ ಗಡುವಿನೊಳಗೆ ಹಣಕಾಸು ಹೊಂದಿಸಲು ಸಂಸ್ಥೆಗೆ ಸಾಧ್ಯವಾಗಲಿಲ್ಲ. 2015ರ ಜನವರಿಯಲ್ಲಿ ವಿದ್ಯುತ್ ಖರೀದಿ ಒಪ್ಪಂದಗಳು ರದ್ದಾದವು. 2017ರ ಡಿಸೆಂಬರ್‌ನಲ್ಲಿ ಸಂಸ್ಥೆ ಯೋಜನೆಯನ್ನೇ ಕೈಬಿಟ್ಟಿತು. 16 ವರ್ಷಗಳ ಬಳಿಕವೂ ಅಲ್ಲಿ ಒಂದು ಯೂನಿಟ್ ವಿದ್ಯುತ್ ಕೂಡ ಉತ್ಪಾದನೆಯಾಗಲಿಲ್ಲ.

ರೋಡ್ ಐಲೆಂಡ್ ಹಿಡಿದ ದಾರಿ

ಮ್ಯಾಸಚೂಸೆಟ್ಸ್‌ಗೆ ಅಂಟಿಕೊಂಡಂತಿರುವ ರೋಡ್ ಐಲೆಂಡ್ ಅಮೆರಿಕದ 50 ರಾಜ್ಯಗಳ ಪೈಕಿ ವಿಸ್ತೀರ್ಣದಲ್ಲಿ ಅತಿ ಚಿಕ್ಕದು. ನೆರೆಮನೆಯ ರಂಪಾಟವನ್ನು ಹತ್ತಿರದಿಂದ ನೋಡಿದ್ದ ಈ ರಾಜ್ಯ 2008ರಲ್ಲಿ ಬೇರೆಯದೇ ಕ್ರಮವನ್ನು ಅನುಸರಿಸಿತು. ಮೊದಲು ಸಂಸ್ಥೆ, ಅದು ತೋರಿಸಿದ ಜಾಗ, ಆಮೇಲೆ ಜನರ ಅಹವಾಲು ಎಂಬ ಕ್ರಮವನ್ನು ತಿರುಗಿಸಿ, ಮೊದಲು ಕಡಲಿನ ಅಧ್ಯಯನ, ಆಮೇಲೆ ಜಾಗದ ಆಯ್ಕೆ ಎಂದು ನಿರ್ಧರಿಸಲಾಯಿತು. ಕರಾವಳಿ ಸಂಪನ್ಮೂಲಗಳ ನಿರ್ವಹಣೆಗೆಂದು ರಾಜ್ಯದಲ್ಲಿ ಅದಾಗಲೇ ಒಂದು ಮಂಡಳಿ ಇತ್ತು. ಉಪ್ಪುನೀರಿನ ಕೊಳಗಳು ಮತ್ತು ಅಳಿವೆಗಳಿಗೆ ವಿಶೇಷ ನಿರ್ವಹಣಾ ಯೋಜನೆಗಳನ್ನು ರೂಪಿಸಿದ ಅನುಭವ ಅದಕ್ಕಿತ್ತು. ಅದೇ ಮಾದರಿಯನ್ನು ಕಡಲಿಗೂ ವಿಸ್ತರಿಸಿ, ರೋಡ್ ಐಲೆಂಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳ ನೆರವಿನಿಂದ ಸಾಗರ ವಿಶೇಷ ಪ್ರದೇಶ ನಿರ್ವಹಣಾ ಯೋಜನೆಯನ್ನು ಸಿದ್ಧಪಡಿಸಲಾಯಿತು. 2010ರ ಅಕ್ಟೋಬರ್‌ನಲ್ಲಿ ಮಂಡಳಿ ಇದನ್ನು ಅಂಗೀಕರಿಸಿತು.

ಯೋಜನೆಯ ವ್ಯಾಪ್ತಿಗೆ ಬಂದ ಕಡಲಿನ ವಿಸ್ತೀರ್ಣ ಸುಮಾರು 3,800 ಚದರ ಕಿ.ಮೀ. ಇದು ರೋಡ್ ಐಲೆಂಡ್ ರಾಜ್ಯದ ನೆಲದ ವಿಸ್ತೀರ್ಣಕ್ಕಿಂತಲೂ ಹೆಚ್ಚು. ಹೆಚ್ಚುಕಡಿಮೆ ನಮ್ಮ ಉಡುಪಿ ಜಿಲ್ಲೆಯಷ್ಟು.

ಇಲ್ಲೊಂದು ಕಾನೂನಿನ ಸೂಕ್ಷ್ಮವಿದೆ. ಅಮೆರಿಕದಲ್ಲಿ ಹೆಚ್ಚಿನ ರಾಜ್ಯಗಳ ಅಧಿಕಾರ ತೀರದಿಂದ 3 ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿ.ಮೀ.ವರೆಗೆ ಮಾತ್ರ. ಅದರಾಚೆಗಿನದು ಒಕ್ಕೂಟ ಸರ್ಕಾರಕ್ಕೆ ಸೇರಿದ್ದು. ಆದರೆ 1972ರ ಕರಾವಳಿ ವಲಯ ನಿರ್ವಹಣಾ ಕಾಯ್ದೆಯ ಪ್ರಕಾರ, ಒಕ್ಕೂಟ ಸರ್ಕಾರದಿಂದ ಮಾನ್ಯತೆ ಪಡೆದ ಕರಾವಳಿ ನೀತಿ ರಾಜ್ಯದ ಬಳಿ ಇದ್ದರೆ, ಆಚೆಗಿನ ನೀರಿನಲ್ಲಿ ಕೊಡುವ ಪರವಾನಗಿಗಳು ಆ ನೀತಿಗೆ ಹೊಂದುತ್ತವೆಯೇ ಎಂದು ಪರಿಶೀಲಿಸುವ ಹಕ್ಕು ರಾಜ್ಯಕ್ಕೆ ದೊರೆಯುತ್ತದೆ. 2011ರಲ್ಲಿ ಒಕ್ಕೂಟ ಸರ್ಕಾರ ರೋಡ್ ಐಲೆಂಡಿನ ಯೋಜನೆಗೆ ಮಾನ್ಯತೆ ನೀಡಿತು. ಹೀಗೆ ಒಂದು ಪುಟ್ಟ ರಾಜ್ಯಕ್ಕೆ ತನ್ನ ಗಡಿಯಾಚೆಗಿನ ಕಡಲಿನ ಬಗ್ಗೆಯೂ ಮಾತನಾಡುವ ಅಧಿಕಾರ ಸಿಕ್ಕಿತು. ನಕ್ಷೆ ಬರಿಯ ಕಾಗದವಾಗಿ ಉಳಿಯದೆ ಕಾನೂನಿನ ಬಲ ಪಡೆಯಿತು.

ನಕ್ಷೆಯಲ್ಲಿ ಏನೇನು ಸೇರಿತು?

ವಿಜ್ಞಾನಿಗಳು ಮೊದಲು ಗಾಳಿಯ ವೇಗ, ನೀರಿನ ಆಳ ಮತ್ತು ತಳದ ರಚನೆಯನ್ನು ಅಳೆದರು. ಒಂದು ಜಾಗದಲ್ಲಿ ಯಂತ್ರ ನಿಲ್ಲಿಸುವುದು ಎಷ್ಟು ಕಷ್ಟ, ಅಲ್ಲಿಂದ ಸಿಗುವ ವಿದ್ಯುತ್ ಎಷ್ಟು ಎಂಬ ಎರಡನ್ನೂ ಹೋಲಿಸಿ ಒಂದು ಸೂಚ್ಯಂಕವನ್ನು ರೂಪಿಸಿದರು. ಕಷ್ಟ ಕಡಿಮೆ, ಲಾಭ ಹೆಚ್ಚು ಎನ್ನುವ ಜಾಗಗಳು ಇದರಿಂದ ಎದ್ದು ಕಂಡವು. ಸಾಮಾನ್ಯವಾಗಿ ಸಂಸ್ಥೆಗಳ ಲೆಕ್ಕಾಚಾರ ಇಲ್ಲಿಗೆ ಮುಗಿಯುತ್ತದೆ. ರೋಡ್ ಐಲೆಂಡಿನಲ್ಲಿ ಇದು ಮೊದಲ ಪದರ ಮಾತ್ರವಾಗಿತ್ತು.

ಅದರ ಮೇಲೆ ಹಡಗುಗಳು ಸಂಚರಿಸುವ ದಾರಿಗಳು, ನೌಕಾಪಡೆಯ ತಾಲೀಮು ಪ್ರದೇಶಗಳು, ಸಮುದ್ರತಳದ ಕೇಬಲ್‌ಗಳು, ಮುಳುಗಿದ ಹಡಗುಗಳ ಅವಶೇಷಗಳು ಒಂದೊಂದಾಗಿ ಸೇರಿದವು. ಕಡಲ ಹಕ್ಕಿಗಳು ಆಹಾರ ಹುಡುಕುವ ತಾಣಗಳನ್ನು ದೋಣಿ ಮತ್ತು ವಿಮಾನಗಳಿಂದ ಸಮೀಕ್ಷೆ ಮಾಡಲಾಯಿತು. ಅಳಿವಿನ ಅಂಚಿನಲ್ಲಿರುವ ಉತ್ತರ ಅಟ್ಲಾಂಟಿಕ್ ರೈಟ್ ತಿಮಿಂಗಿಲಗಳ ಸಂಚಾರದ ಮಾಹಿತಿಯನ್ನೂ ಸೇರಿಸಲಾಯಿತು. ಹಿಮಯುಗದಲ್ಲಿ ಹಿಮನದಿಗಳು ತಂದು ಸುರಿದ ಬಂಡೆಗಲ್ಲುಗಳ ದಿಬ್ಬಗಳು ಈ ಕಡಲತಳದಲ್ಲಿವೆ. ಮೀನು ಮತ್ತು ಸಿಗಡಿ ಜಾತಿಯ ಲಾಬ್‌ಸ್ಟರ್‌ಗಳಿಗೆ ಅವು ಆಸರೆ. ಈ ದಿಬ್ಬಗಳನ್ನು ವಿಶೇಷ ಕಾಳಜಿಯ ಪ್ರದೇಶಗಳೆಂದು ಗುರುತಿಸಲಾಯಿತು. ನ್ಯಾರಗ್ಯಾನ್ಸೆಟ್ ಮೂಲನಿವಾಸಿಗಳ ಜೊತೆಗೂ ಸಮಾಲೋಚನೆ ನಡೆಯಿತು.

ಎಲ್ಲಕ್ಕಿಂತ ಕಷ್ಟವಾದದ್ದು ಮೀನುಗಾರಿಕೆಯ ಪದರ. ಯಾವ ಮೀನುಗಾರನೂ ತನಗೆ ಮೀನು ಸಿಗುವ ಜಾಗವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದು ಅವನ ಬಂಡವಾಳ. ಸರ್ಕಾರಿ ಅಂಕಿಅಂಶಗಳಲ್ಲಿ ದೊಡ್ಡ ದೋಣಿಗಳ ವಿವರ ಸಿಕ್ಕರೂ ಸಣ್ಣ ದೋಣಿಗಳು ಕಾಣುವುದಿಲ್ಲ. ಆದ್ದರಿಂದ ಅಧ್ಯಯನ ತಂಡದವರು ಮೀನುಗಾರರನ್ನು ಭೇಟಿಯಾಗಿ, ಅವರೆದುರು ಕಡಲ ನಕ್ಷೆಗಳನ್ನು ಹಾಸಿ, ಟ್ರಾಲ್ ಬಲೆ ಎಳೆಯುವುದು ಎಲ್ಲಿ, ಲಾಬ್‌ಸ್ಟರ್ ಬೋನು ಇಡುವುದು ಎಲ್ಲಿ ಎಂದು ಅವರಿಂದಲೇ ಗುರುತಿಸಿಕೊಂಡರು. ಮೀನುಗಾರರ ಸಲಹಾ ಮಂಡಳಿಯೊಂದನ್ನು ರಚಿಸಿ, ಮುಂದೆ ಯಾವ ಯೋಜನೆ ಬಂದರೂ ಅದರ ಅಭಿಪ್ರಾಯ ಪಡೆಯಬೇಕೆಂಬ ನಿಯಮವನ್ನೂ ಸೇರಿಸಲಾಯಿತು.

ಈ ಎಲ್ಲ ಪದರಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಾಗ, ಎಲ್ಲರಿಗೂ ತೊಂದರೆ ಕಡಿಮೆ ಎನ್ನಿಸುವ ಸಣ್ಣ ತುಂಡೊಂದು ಬ್ಲಾಕ್ ಐಲೆಂಡ್ ಎಂಬ ದ್ವೀಪದ ಆಗ್ನೇಯಕ್ಕೆ ಕಂಡಿತು. ಅದನ್ನು ನವೀಕರಿಸಬಹುದಾದ ಇಂಧನ ವಲಯವೆಂದು ಗುರುತಿಸಲಾಯಿತು.

ಐದು ಯಂತ್ರಗಳು, ಒಂದು ದ್ವೀಪ

ಬ್ಲಾಕ್ ಐಲೆಂಡ್ ಮುಖ್ಯ ಭೂಮಿಯಿಂದ ಸುಮಾರು 14 ಕಿ.ಮೀ. ದೂರದಲ್ಲಿದೆ. ವರ್ಷವಿಡೀ ಅಲ್ಲಿ ನೆಲೆಸುವವರು ಸುಮಾರು ಒಂದು ಸಾವಿರ ಜನ. ಮುಖ್ಯ ಭೂಮಿಯ ವಿದ್ಯುತ್ ಜಾಲದ ಸಂಪರ್ಕ ಇಲ್ಲದಿದ್ದುದರಿಂದ ದ್ವೀಪಕ್ಕೆ ಬೇಕಾದ ವಿದ್ಯುತ್ ಡೀಸೆಲ್ ಜನರೇಟರ್‌ಗಳಿಂದಲೇ ಬರಬೇಕಿತ್ತು. ಬೇಸಿಗೆಯಲ್ಲಿ ಒಂದು ಯೂನಿಟ್‌ಗೆ 50 ಸೆಂಟ್‌ಗೂ ಹೆಚ್ಚು ದರ ತೆತ್ತ ಉದಾಹರಣೆಗಳಿವೆ.

2016ರ ಡಿಸೆಂಬರ್‌ನಲ್ಲಿ ದ್ವೀಪದಿಂದ ಸುಮಾರು 6 ಕಿ.ಮೀ. ದೂರದಲ್ಲಿ ತಲಾ 6 ಮೆಗಾವಾಟ್ ಸಾಮರ್ಥ್ಯದ ಐದು ಯಂತ್ರಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಇದು ಅಮೆರಿಕದ ಮೊದಲ ವಾಣಿಜ್ಯ ಸಮುದ್ರ ಪವನ ಸ್ಥಾವರ. ರೆಕ್ಕೆಯ ತುದಿಯವರೆಗೆ ಅಳೆದರೆ ಒಂದೊಂದು ಯಂತ್ರವೂ ಸುಮಾರು 180 ಮೀಟರ್ ಎತ್ತರ. ಮುರುಡೇಶ್ವರದ ರಾಜಗೋಪುರದ ಎರಡು ಪಟ್ಟಿಗಿಂತ ಹೆಚ್ಚು. ಯಂತ್ರಗಳ ಜೊತೆಗೆ ಹಾಕಿದ ಸಮುದ್ರತಳದ ಕೇಬಲ್ ದ್ವೀಪವನ್ನು ಮುಖ್ಯ ಭೂಮಿಯ ಜಾಲಕ್ಕೆ ಜೋಡಿಸಿತು. ಡೀಸೆಲ್ ಜನರೇಟರ್‌ಗಳ ಸದ್ದು ನಿಂತಿತು.

ಎಲ್ಲವೂ ಸಲೀಸಾಗಿ ನಡೆಯಿತೆಂದಲ್ಲ. ಯೂನಿಟ್‌ಗೆ 24.4 ಸೆಂಟ್‌ನಿಂದ ಆರಂಭವಾಗಿ ವರ್ಷಕ್ಕೆ ಶೇ 3.5ರಷ್ಟು ಏರುವ ದರ ದುಬಾರಿ ಎಂಬ ಕಾರಣಕ್ಕೆ ರಾಜ್ಯದ ವಿದ್ಯುತ್ ದರ ನಿಯಂತ್ರಣ ಆಯೋಗ 2010ರ ಮಾರ್ಚ್‌ನಲ್ಲಿ ಖರೀದಿ ಒಪ್ಪಂದವನ್ನು ತಿರಸ್ಕರಿಸಿತ್ತು. ಶಾಸನಸಭೆ ಕಾನೂನನ್ನೇ ತಿದ್ದಿದ ಬಳಿಕ ಅದೇ ವರ್ಷದ ಆಗಸ್ಟ್‌ನಲ್ಲಿ ಒಪ್ಪಿಗೆ ದೊರೆಯಿತು. ಆ ದರದ ಹೊರೆ ರಾಜ್ಯದ ಇತರ ಗ್ರಾಹಕರ ಮೇಲೂ ಬಿತ್ತು. ದ್ವೀಪದ ಕಡಲತೀರದಲ್ಲಿ ಹೂತಿದ್ದ ಕೇಬಲ್ ಅಲೆಗಳ ಹೊಡೆತಕ್ಕೆ ಮೇಲೆದ್ದು, ಮತ್ತೆ ಆಳವಾಗಿ ಹೂಳಬೇಕಾಯಿತು.

ಮೀನುಗಳ ಗತಿ ಏನಾಯಿತು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಯಂತ್ರ ನಿಲ್ಲಿಸುವ ಮೊದಲಿನಿಂದಲೇ, 2012ರಿಂದ 2019ರವರೆಗೆ ಏಳು ವರ್ಷ ನಿಗದಿತವಾಗಿ ಬಲೆ ಎಳೆದು ಸಮೀಕ್ಷೆ ಮಾಡಲಾಯಿತು. ತಳಮೀನುಗಳ ಸಂಖ್ಯೆಗೆ ಹೇಳಿಕೊಳ್ಳುವಂತಹ ಹಾನಿ ಕಂಡುಬರಲಿಲ್ಲ. ಕಂಬಗಳ ಸುತ್ತ ಮರುವಾಯಿ ಜಾತಿಯ ಚಿಪ್ಪುಜೀವಿಗಳು ಅಂಟಿಕೊಂಡು, ಬಂಡೆಯ ಆಸರೆ ಬಯಸುವ ಬ್ಲಾಕ್ ಸೀ ಬಾಸ್ ಮೀನು ಹೆಚ್ಚಿತು. ಗಾಳ ಹಾಕುವ ಹವ್ಯಾಸಿಗಳಿಗೆ ಇದು ಸಂತಸ ತಂದಿತು. ಆದರೆ ಬಲೆ ಎಳೆಯುವ ಟ್ರಾಲ್ ದೋಣಿಯವರಿಗೆ ಕಂಬಗಳ ನಡುವಿನ ಮೀನು ಕೈಗೆ ಸುಲಭವಾಗಿ ಸಿಗುವಂತಹದ್ದಲ್ಲ. ಲಾಭ ಒಬ್ಬರಿಗೆ, ತೊಡಕು ಇನ್ನೊಬ್ಬರಿಗೆ ಎಂಬ ಈ ವ್ಯತ್ಯಾಸ ಮುಂದೆ ದೊಡ್ಡದಾಗಿ ಬೆಳೆಯಿತು.

ನಕ್ಷೆಯ ಮಿತಿ

ಐದು ಯಂತ್ರಗಳಿಗೆ ಜಾಗ ಹುಡುಕುವುದು ಒಂದು ಮಾತು. ನೂರಾರು ಯಂತ್ರಗಳಿಗೆ ಹುಡುಕುವುದು ಬೇರೆಯೇ ಮಾತು. ಬ್ಲಾಕ್ ಐಲೆಂಡಿನ ಪೂರ್ವ ಮತ್ತು ಆಗ್ನೇಯಕ್ಕೆ ಒಕ್ಕೂಟ ಸರ್ಕಾರದ ನೀರಿನಲ್ಲಿ ವಿಶಾಲವಾದ ಪ್ರದೇಶಗಳು ಬಳಿಕ ಗುತ್ತಿಗೆಗೆ ಹೋದವು. 12 ಯಂತ್ರಗಳ ಸೌತ್ ಫೋರ್ಕ್ ಸ್ಥಾವರ 2024ರ ಮಾರ್ಚ್‌ನಲ್ಲಿ ಪೂರ್ಣಗೊಂಡಿತು. 65 ಯಂತ್ರಗಳ, 704 ಮೆಗಾವಾಟ್ ಸಾಮರ್ಥ್ಯದ ರೆವಲ್ಯೂಷನ್ ವಿಂಡ್ ಯೋಜನೆಯೂ ಇದೇ ಕಡಲಿನದು.

ಇಲ್ಲಿ ಮೀನುಗಾರರ ಆತಂಕ ಹೆಚ್ಚಾಯಿತು. ಯಂತ್ರಗಳ ನಡುವೆ ಮೀನು ಹಿಡಿಯಲು ಅಮೆರಿಕದಲ್ಲಿ ಕಾನೂನಿನ ಅಡ್ಡಿಯಿಲ್ಲ. ಆದರೆ ಬಲೆ ಕೇಬಲ್‌ಗೆ ಅಥವಾ ಅದರ ಮೇಲೆ ಹೇರಿದ ಕಲ್ಲಿಗೆ ಸಿಕ್ಕಿಕೊಂಡರೆ ದೋಣಿಯೇ ಅಪಾಯಕ್ಕೆ ಸಿಲುಕಬಹುದು. ಗಾಳಿಯಂತ್ರಗಳಿಂದಾಗಿ ಹಡಗುಗಳ ರಾಡಾರ್ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂಬ ದೂರನ್ನು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ವರದಿಯೂ 2022ರಲ್ಲಿ ಎತ್ತಿಹಿಡಿಯಿತು. 2019ರಲ್ಲಿ ಆ ಪ್ರದೇಶದ ಸಂಸ್ಥೆಗಳೆಲ್ಲ ಒಂದಾಗಿ, ಯಂತ್ರಗಳ ನಡುವೆ ಎಲ್ಲೆಡೆ 1 ನಾಟಿಕಲ್ ಮೈಲಿ ಅಂತರ ಬಿಡಲು ಒಪ್ಪಿದವು. ಮೀನುಗಾರರ ಸಂಘಟನೆ ಕೇಳಿದ್ದು ದೋಣಿಗಳ ಸಂಚಾರಕ್ಕೆ 4 ನಾಟಿಕಲ್ ಮೈಲಿ ಅಗಲದ ಮಾರ್ಗಗಳನ್ನು.

ಅದೇ ವರ್ಷ ವಿನ್‌ಯಾರ್ಡ್ ವಿಂಡ್ ಯೋಜನೆಗೆ ಸಂಬಂಧಿಸಿ ರೋಡ್ ಐಲೆಂಡ್ ಮೀನುಗಾರರಿಗೆ ಸುಮಾರು 1.67 ಕೋಟಿ ಡಾಲರ್ ಪರಿಹಾರದ ಒಪ್ಪಂದವಾಯಿತು. ಸಲಹಾ ಮಂಡಳಿ ಒಲ್ಲದ ಮನಸ್ಸಿನಿಂದ ಇದಕ್ಕೆ ಸಮ್ಮತಿಸಿತು. ಆಮೇಲೆ ಒಂದರ ಹಿಂದೆ ಒಂದು ಯೋಜನೆಗಳಿಗೆ ರಾಜ್ಯದ ಒಪ್ಪಿಗೆ ದೊರೆಯುತ್ತಾ ಹೋಯಿತು. 2023ರಲ್ಲಿ ಸನ್‌ರೈಸ್ ವಿಂಡ್ ಯೋಜನೆಗೆ ಒಪ್ಪಿಗೆ ದೊರೆತ ಬೆನ್ನಲ್ಲೇ ಮೀನುಗಾರರ ಸಲಹಾ ಮಂಡಳಿಯ ಸದಸ್ಯರು ಸಾಮೂಹಿಕವಾಗಿ ರಾಜೀನಾಮೆ ನೀಡಿದರು. ತಮ್ಮ ಮಾತನ್ನು ಕೇಳುವ ಶಾಸ್ತ್ರ ಮಾತ್ರ ನಡೆಯುತ್ತಿದೆ, ಅದಕ್ಕೆ ಬೆಲೆ ಸಿಗುತ್ತಿಲ್ಲ ಎಂಬುದು ಅವರ ಆರೋಪದ ತಿರುಳು. ಜಗತ್ತೇ ಮಾದರಿ ಎಂದು ಕರೆದ ವ್ಯವಸ್ಥೆಯಲ್ಲಿಯೇ ಹೀಗಾಯಿತು.

ಮತ್ತೊಂದು ಏಟು ಮೇಲಿನಿಂದ ಬಂತು. 2025ರ ಜನವರಿ 20ರಂದು ಅಧಿಕಾರಕ್ಕೆ ಮರಳಿದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅಂದೇ ಸಮುದ್ರ ಪವನ ವಿದ್ಯುತ್‌ಗೆ ಹೊಸ ಗುತ್ತಿಗೆಗಳನ್ನು ತಡೆಹಿಡಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಬಹುಪಾಲು ಮುಗಿದಿದ್ದ ರೆವಲ್ಯೂಷನ್ ವಿಂಡ್ ಕಾಮಗಾರಿಯನ್ನು ನಿಲ್ಲಿಸುವ ಆದೇಶ ಹೊರಬಿತ್ತು. ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಕೆಲಸ ಮುಂದುವರಿಸಲು ಅವಕಾಶ ನೀಡಿತು. ಸ್ಥಳೀಯವಾಗಿ ಎಷ್ಟೇ ಎಚ್ಚರಿಕೆಯಿಂದ ಯೋಜನೆ ರೂಪಿಸಿದರೂ ರಾಷ್ಟ್ರೀಯ ರಾಜಕೀಯದ ಗಾಳಿ ತಿರುಗಿದರೆ ಎಲ್ಲವೂ ಅಲುಗಾಡಬಹುದೆಂಬುದನ್ನು ಇದು ತೋರಿಸಿತು.

ಹಾಗಾದರೆ ನಕ್ಷೆ ವ್ಯರ್ಥವೇ? ಹಾಗೆನ್ನಲಾಗದು. ಕೇಪ್ ವಿಂಡ್ 16 ವರ್ಷಗಳಲ್ಲಿ ಸಾಧಿಸಲಾಗದ್ದನ್ನು ಬ್ಲಾಕ್ ಐಲೆಂಡ್ 8 ವರ್ಷಗಳಲ್ಲಿ ಸಾಧಿಸಿತು. ಯೋಜನೆ ಚಿಕ್ಕದಾಗಿದ್ದುದೂ ದ್ವೀಪಕ್ಕೆ ನೇರ ಲಾಭ ಇದ್ದುದೂ ಇದಕ್ಕೆ ನೆರವಾದವು ಎಂಬುದು ನಿಜ. ಆದರೂ ವಿವಾದ ನ್ಯಾಯಾಲಯಕ್ಕೆ ಹೋಗುವ ಮೊದಲು ನಕ್ಷೆಯ ಮುಂದೆ ಬಂತು ಎಂಬುದೇ ದೊಡ್ಡ ವ್ಯತ್ಯಾಸ. ಮಂಡಳಿಯ ಸದಸ್ಯರ ರಾಜೀನಾಮೆ ಹೇಳುವುದು ಇಷ್ಟೇ: ನಕ್ಷೆಯನ್ನು ಒಮ್ಮೆ ಬರೆದು ಕಪಾಟಿನಲ್ಲಿಟ್ಟರೆ ಸಾಲದು. ಯಂತ್ರಗಳ ಸಂಖ್ಯೆ ಬೆಳೆದಂತೆ ಅದನ್ನು ಮತ್ತೆ ಮತ್ತೆ ತೆರೆದು, ಅದೇ ಜನರ ಜೊತೆ ಕುಳಿತು, ಅಗತ್ಯವಿದ್ದಲ್ಲಿ ಬೇಡ ಎನ್ನಲೂ ಸಿದ್ಧವಿರಬೇಕು.

ಯುರೋಪಿನ ದೇಶಗಳು ಇದನ್ನು ಕಾನೂನಾಗಿಯೇ ಮಾಡಿಕೊಂಡಿವೆ. ಕರಾವಳಿ ಇರುವ ಸದಸ್ಯ ದೇಶಗಳೆಲ್ಲ 2021ರ ಮಾರ್ಚ್ ಅಂತ್ಯದೊಳಗೆ ತಮ್ಮ ಕಡಲಿನ ಬಳಕೆಯ ಯೋಜನೆಯನ್ನು ಸಿದ್ಧಪಡಿಸಬೇಕೆಂದು ಯುರೋಪಿಯನ್ ಒಕ್ಕೂಟ 2014ರಲ್ಲಿ ಆದೇಶಿಸಿತ್ತು. ಪ್ರತಿ ದೇಶದ ಉತ್ತರವೂ ಒಂದೇ ಆಗಿಲ್ಲ. ಬೆಲ್ಜಿಯಂನಲ್ಲಿ ಗಾಳಿಯಂತ್ರಗಳ ವಲಯದೊಳಗೆ ಮೀನುಗಾರಿಕಾ ದೋಣಿಗಳಿಗೆ ಪ್ರವೇಶವಿಲ್ಲ. ಬ್ರಿಟನ್ನಿನಲ್ಲಿ ಅಂತಹ ಸಾರಾಸಗಟು ನಿಷೇಧವಿಲ್ಲ.

ನಮ್ಮ ಕಡಲು

ಭಾರತದಲ್ಲಿ ಸಮುದ್ರ ಪವನ ವಿದ್ಯುತ್ತಿಗೆ ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ನೋಡಲ್ ಸಂಸ್ಥೆ. ಗುಜರಾತ್ ಮತ್ತು ತಮಿಳುನಾಡಿನ ಕಡಲಿನಲ್ಲಿ ತಲಾ ಎಂಟು ವಲಯಗಳನ್ನು ಪ್ರಾಥಮಿಕವಾಗಿ ಗುರುತಿಸಲಾಗಿದೆ. ಗಾಳಿಯ ಅಳತೆಗಾಗಿ 2017ರಲ್ಲಿ ಖಂಭಾತ್ ಕೊಲ್ಲಿಯಲ್ಲಿ ಲೈಡಾರ್ ಉಪಕರಣವನ್ನು ಸ್ಥಾಪಿಸಲಾಯಿತು. 2022ರೊಳಗೆ 5 ಸಾವಿರ ಮೆಗಾವಾಟ್, 2030ರೊಳಗೆ 30 ಸಾವಿರ ಮೆಗಾವಾಟ್ ಎಂಬ ಗುರಿಯನ್ನು 2018ರಲ್ಲಿ ಘೋಷಿಸಲಾಗಿತ್ತು. ಮೊದಲ ಗಡುವು ಮುಗಿದಾಗ ದೇಶದ ಕಡಲಿನಲ್ಲಿ ಒಂದು ಯಂತ್ರವೂ ತಿರುಗುತ್ತಿರಲಿಲ್ಲ. 2023ರ ಡಿಸೆಂಬರ್‌ನಲ್ಲಿ ಗುತ್ತಿಗೆ ನಿಯಮಗಳು ಪ್ರಕಟವಾದವು.

ಈ ವಿಳಂಬವನ್ನು ವೈಫಲ್ಯವೆಂದು ಮಾತ್ರ ನೋಡಬೇಕಿಲ್ಲ. ನಕ್ಷೆ ಸಿದ್ಧಪಡಿಸಲು ಸಿಕ್ಕ ಸಮಯವೆಂದೂ ನೋಡಬಹುದು. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ 21 ದ್ವೀಪಗಳ ಸಾಗರ ರಾಷ್ಟ್ರೀಯ ಉದ್ಯಾನವಿದೆ. ಕಡಲ ಹಸು ಎಂದು ಕರೆಯಲಾಗುವ ಡುಗಾಂಗ್ ಅಲ್ಲಿನ ಕಡಲ ಹುಲ್ಲುಗಾವಲುಗಳನ್ನು ನಂಬಿದೆ. ತೀರದುದ್ದಕ್ಕೂ ಮೀನುಗಾರರ ಹಳ್ಳಿಗಳಿವೆ. ಗಾಳಿಯ ಪದರದ ಮೇಲೆ ಈ ಪದರಗಳನ್ನೂ ಹಾಸದೆ ಜಾಗ ನಿಗದಿ ಮಾಡಿದರೆ ಕೇಪ್ ವಿಂಡ್ ಕಥೆ ಮರುಕಳಿಸಬಹುದು. ಇಂತಹ ಯೋಜನೆಯ ವಿಧಾನ ನಮಗೆ ಅಪರಿಚಿತವೇನಲ್ಲ. ನಾರ್ವೆ ಜೊತೆಗಿನ 2019ರ ಒಪ್ಪಂದದ ಅಡಿಯಲ್ಲಿ ಪುದುಚೇರಿ ಮತ್ತು ಲಕ್ಷದ್ವೀಪಗಳನ್ನು ಸಾಗರ ಬಳಕೆಯ ಯೋಜನೆಗೆ ಪ್ರಾಯೋಗಿಕವಾಗಿ ಆಯ್ಕೆ ಮಾಡಿಕೊಳ್ಳಲಾಗಿದೆ.

ಕರ್ನಾಟಕದ ಕರಾವಳಿ ಇದುವರೆಗೆ ಗುರುತಿಸಿದ ಪವನ ವಲಯಗಳ ಪಟ್ಟಿಯಲ್ಲಿಲ್ಲ. ಆದರೂ ವಿಷಯ ನಮಗೆ ಸಂಬಂಧಿಸಿದ್ದಲ್ಲ ಎನ್ನಲಾಗದು. ಮಂಗಳೂರು, ಮಲ್ಪೆಯ ಆಳಸಮುದ್ರ ಬೋಟುಗಳು ದಿನಗಟ್ಟಲೆ ರಾಜ್ಯದ ಗಡಿಯಾಚೆಗೂ ಸಾಗುತ್ತವೆ. ಮಂಗಳೂರಿನ ಬೋಟುಗಳಲ್ಲಿ ದುಡಿಯುವವರಲ್ಲಿ ತಮಿಳುನಾಡಿನವರೂ ಇದ್ದಾರೆ. ಜೊತೆಗೆ ನಮ್ಮ ಕಡಲಿನಲ್ಲಿಯೂ ಹಕ್ಕುದಾರರು ಕಡಿಮೆಯೇನಿಲ್ಲ. ಪಣಂಬೂರಿನ ನವ ಮಂಗಳೂರು ಬಂದರಿಗೆ ಬರುವ ಹಡಗುಗಳು, ಕಾರವಾರದ ನೌಕಾನೆಲೆ, ನೇತ್ರಾಣಿಯ ಹವಳದ ದಿಬ್ಬಗಳು, ನಾಡದೋಣಿಗಳು, ಪರ್ಸೀನ್ ಮತ್ತು ಟ್ರಾಲ್ ಬೋಟುಗಳು ಎಲ್ಲವೂ ಇದೇ ನೀರನ್ನು ನಂಬಿವೆ.

ಇವರ ನಡುವಿನ ತಿಕ್ಕಾಟವೂ ಹೊಸದಲ್ಲ. ಪ್ರಖರ ದೀಪ ಬೆಳಗಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದ ಮೇಲೂ ನಾಡದೋಣಿಯವರ ದೂರುಗಳು ನಿಂತಿಲ್ಲ. ಹೊನ್ನಾವರದ ಕಾಸರಕೋಡು, ಅಂಕೋಲಾದ ಕೇಣಿ ಬಂದರು ಯೋಜನೆಗಳಿಗೆ ಮೀನುಗಾರರಿಂದ ತೀವ್ರ ವಿರೋಧ ವ್ಯಕ್ತವಾಗಿದೆ. ಮೊದಲು ಯೋಜನೆ, ಆಮೇಲೆ ಅಹವಾಲು ಎಂಬ ಕ್ರಮ ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ತಿಳಿಯಲು ನಾವು ಅಮೆರಿಕದವರೆಗೆ ಹೋಗಬೇಕಿಲ್ಲ.

ಇಲ್ಲಿಯೂ ಅಧಿಕಾರ ಹಂಚಿಹೋಗಿದೆ. ತೀರದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ.ವರೆಗಿನ ಮೀನುಗಾರಿಕೆ ರಾಜ್ಯದ ವಿಷಯ. ಆದರೆ ಸಂವಿಧಾನದ 297ನೇ ವಿಧಿಯ ಪ್ರಕಾರ ಅದೇ ನೀರಿನ ಕೆಳಗಿನ ನೆಲ ಕೇಂದ್ರಕ್ಕೆ ಸೇರಿದ್ದು. ಮೀನು ರಾಜ್ಯದ್ದು, ಕಂಬ ಊರುವ ನೆಲ ಕೇಂದ್ರದ್ದು! ತನ್ನದೇ ಆದ ನಕ್ಷೆ, ಅದಕ್ಕೊಂದು ಕಾನೂನಿನ ಬಲ ಇಲ್ಲದಿದ್ದರೆ ರಾಜ್ಯದ ಮಾತಿಗೆ ತೂಕ ಇರುವುದಿಲ್ಲ. ರೋಡ್ ಐಲೆಂಡ್ ಅರಿತುಕೊಂಡ ಮುಖ್ಯ ಅಂಶ ಇದೇ.

ಶುದ್ಧ ವಿದ್ಯುತ್ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಬಿಸಿಯಾಗುತ್ತಿರುವ ಕಡಲಿನ ಪೆಟ್ಟು ಮೊದಲು ಬೀಳುವುದೂ ಮೀನುಗಾರನ ಮೇಲೆಯೇ. ಆದರೆ ಆ ವಿದ್ಯುತ್ತಿಗೆ ಜಾಗ ಬಿಟ್ಟುಕೊಡುವವರು ಯಾರು, ಎಷ್ಟು, ಯಾವ ಷರತ್ತಿನ ಮೇಲೆ ಎಂಬುದನ್ನು ನಗರದಲ್ಲಿ ಕುಳಿತು ಸ್ವಿಚ್ ಒತ್ತುವವರು ಮಾತ್ರ ತೀರ್ಮಾನಿಸುವಂತಿಲ್ಲ. ಬಲೆ ಎಲ್ಲಿ ಬೀಸುತ್ತೀರಿ ಎಂದು ಮಲ್ಪೆ, ಗಂಗೊಳ್ಳಿ, ಕಾರವಾರದ ದಕ್ಕೆಗಳಲ್ಲಿ ನಕ್ಷೆ ಹಾಸಿ ಕೇಳುವ ಕೆಲಸಕ್ಕೆ ಯಾವ ಟೆಂಡರಿಗೂ ಕಾಯಬೇಕಿಲ್ಲ. ಅದನ್ನು ಇಂದೇ ಆರಂಭಿಸಬಹುದು.